ಉಕ್ಕು, ಬೆಸುಗೆ ಮತ್ತು ಹಡಗು: ನೌಕಾ ನಿರ್ಮಾಣ ತಂತ್ರಜ್ಞಾನದ ಇತ್ತೀಚಿನ ಪ್ರಗತಿ

ಪ್ರಪಂಚದ ದೇಶಗಳ ನಡುವೆ ಸಾಗುವ ಸರಕಿನಲ್ಲಿ ಪ್ರಮಾಣದ ದೃಷ್ಟಿಯಿಂದ ಶೇಕಡಾ 80ಕ್ಕಿಂತ ಹೆಚ್ಚಿನ ಭಾಗವು ಸಮುದ್ರಮಾರ್ಗವಾಗಿಯೇ ಸಾಗುತ್ತದೆ. ಭಾರತದ ವಿದೇಶ ವ್ಯಾಪಾರದ ಮಟ್ಟಿಗೆ ಹೇಳುವುದಾದರೆ ಈ ಭಾಗ ಶೇಕಡಾ 95ರಷ್ಟಿದೆ. ಅಡುಗೆಮನೆಯ ತಾಳೆ ಎಣ್ಣೆಯಿಂದ ಹಿಡಿದು ವಿದ್ಯುತ್ ಸ್ಥಾವರದ ಕಲ್ಲಿದ್ದಲಿನವರೆಗೆ ನಿತ್ಯೋಪಯೋಗದ ಎಷ್ಟೋ ವಸ್ತುಗಳು ಒಂದಿಲ್ಲೊಂದು ಹಂತದಲ್ಲಿ ಹಡಗನ್ನು ಏರಿ ಬಂದಿರುತ್ತವೆ. ಆದರೂ ಮುಂಬಯಿ, ಚೆನ್ನೈ ಮೊದಲಾದ ಬಂದರು ನಗರಗಳಲ್ಲಿ ವಾಸಿಸುವವರಿಗೆ ಸಹ ಹಡಗೊಂದು ಹೇಗೆ ನಿರ್ಮಾಣಗೊಳ್ಳುತ್ತದೆ ಎಂಬುದು ಬಹುಮಟ್ಟಿಗೆ ಅಪರಿಚಿತ ವಿಷಯವಾಗಿಯೇ ಉಳಿದಿದೆ. ವಿಮಾನದ ಅಥವಾ ಉಪಗ್ರಹದ ತಂತ್ರಜ್ಞಾನಕ್ಕೆ ದೊರೆಯುವ ಪ್ರಚಾರ ಹಡಗಿನ ತಂತ್ರಜ್ಞಾನಕ್ಕೆ ದೊರೆಯುವುದಿಲ್ಲ. ಕಳೆದ ಕೆಲವು ದಶಕಗಳಲ್ಲಿ ಈ ಕ್ಷೇತ್ರದಲ್ಲಿ ಆಗಿರುವ ಬದಲಾವಣೆಗಳಾದರೋ ಸಾಮಾನ್ಯವಾದುವಲ್ಲ.

ಈ ಬದಲಾವಣೆಗಳು ಹಲವು ಬಗೆಯವು. ಎಂಜಿನ್ನು, ಇಂಧನ, ದಿಕ್ಸೂಚಿ, ಗಣಕಯಂತ್ರ ಇವೆಲ್ಲವೂ ಬದಲಾಗಿವೆ. ಆದರೆ ಇವೆಲ್ಲಕ್ಕೂ ಆಧಾರವಾಗಿರುವುದು ಹಡಗಿನ ಒಡಲು. ಆ ಒಡಲು ಉಕ್ಕಿನ ತಗಡುಗಳಿಂದ ಆದುದು. ತಗಡು ತಗಡನ್ನು ಒಂದುಗೂಡಿಸುವುದು ಬೆಸುಗೆ. ತಗಡಿನ ಗುಣ, ಬೆಸುಗೆಯ ಗುಣ ಮತ್ತು ಬೆಸುಗೆ ಹಾಕುವವನ ಕೈಯ ಗುಣ ಈ ಮೂರರಲ್ಲಿ ಒಂದು ಕೆಟ್ಟರೂ ಉಳಿದ ಸಲಕರಣೆಗಳೆಲ್ಲ ವ್ಯರ್ಥವಾಗುತ್ತವೆ. ಆದುದರಿಂದ ಪ್ರಸ್ತುತ ಲೇಖನದಲ್ಲಿ ಈ ಅಂಶಕ್ಕೇ ಪ್ರಾಧಾನ್ಯ ನೀಡಲಾಗಿದೆ.

ಅಲೆಯ ಮೇಲೆ ಬಾಗುವ ಹಡಗು

ದಡದಲ್ಲಿ ನಿಂತು ನೋಡುವವರಿಗೆ ಹಡಗು ಬಂಡೆಯಂತೆ ಗಟ್ಟಿಯಾದ ವಸ್ತುವಾಗಿ ಕಾಣುತ್ತದೆ. ವಾಸ್ತವವಾಗಿ ಅದು ಸದಾ ಬಾಗುತ್ತಿರುವ ವಸ್ತು. ದೊಡ್ಡ ಅಲೆಯ ನೆತ್ತಿ ಹಡಗಿನ ನಡುಭಾಗದ ಕೆಳಗೆ ಬಂದಾಗ ಹಡಗಿನ ಮುಂತುದಿ ಮತ್ತು ಹಿಂತುದಿಗಳಿಗೆ ನೀರಿನ ಆಸರೆ ಕಡಿಮೆಯಾಗುತ್ತದೆ. ಆಗ ಎರಡು ತುದಿಗಳೂ ಕೆಳಕ್ಕೆ ಜೋತು, ಮೇಲಿನ ಡೆಕ್ ಎಳೆತಕ್ಕೂ ತಳಭಾಗ ಒತ್ತಡಕ್ಕೂ ಒಳಗಾಗುತ್ತವೆ. ಅಲೆ ಮುಂದೆ ಸರಿದು ಎರಡು ನೆತ್ತಿಗಳು ಎರಡು ತುದಿಗಳಿಗೆ ಬಂದಾಗ ಪರಿಸ್ಥಿತಿ ತಲೆಕೆಳಗಾಗುತ್ತದೆ: ನಡುಭಾಗ ಕುಸಿಯುತ್ತದೆ, ಎಳೆತ ತಳಕ್ಕೆ ಬೀಳುತ್ತದೆ, ಒತ್ತಡ ಡೆಕ್ಕಿಗೆ ಬೀಳುತ್ತದೆ. ಇದು ಕೆಲವೇ ಸೆಕೆಂಡುಗಳಿಗೊಮ್ಮೆ ನಡೆಯುವ ಕ್ರಿಯೆ. ಇಪ್ಪತ್ತೈದು ವರ್ಷಗಳ ಆಯುಷ್ಯದಲ್ಲಿ ಒಂದು ಹಡಗು ಹೀಗೆ ಕೋಟ್ಯಂತರ ಸಲ ಬಾಗಿ ನೆಟ್ಟಗಾಗುತ್ತದೆ. ತಂತಿಯನ್ನು ಕೈಯಲ್ಲಿ ಹಿಡಿದು ಅತ್ತಿತ್ತ ಬಗ್ಗಿಸುತ್ತಿದ್ದರೆ ಕೊನೆಗೊಮ್ಮೆ ಅದು ಮುರಿಯುವುದನ್ನು ಎಲ್ಲರೂ ಕಂಡಿದ್ದಾರೆ. ಹಡಗು ಹಾಗೆ ಮುರಿಯದಂತೆ ನೋಡಿಕೊಳ್ಳುವುದೇ ನೌಕಾ ಶಿಲ್ಪಿಯ ಮೊದಲ ಕರ್ತವ್ಯ.

ಮರದ ಹಡಗುಗಳ ಕಾಲದಲ್ಲಿ ಈ ಕಾರಣದಿಂದಲೇ ಉದ್ದಕ್ಕೆ ಒಂದು ಮಿತಿ ಇತ್ತು. ಆ ಮಿತಿಯೊಳಗೆ ಅತ್ಯುತ್ತಮ ಹಡಗುಗಳನ್ನು ಕಟ್ಟಿದ ಕೀರ್ತಿ ಮುಂಬಯಿಯ ವಾಡಿಯಾ ಮನೆತನದ ಪಾರ್ಸಿ ಕುಶಲಿಗಳಿಗೆ ಸಲ್ಲುತ್ತದೆ. ಅವರು ತೇಗದ ಮರದಲ್ಲಿ ನಿರ್ಮಿಸಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೊಮಲಿ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಪಟ್ಟಣದಲ್ಲಿ ಇಂದಿಗೂ ನೀರಿನ ಮೇಲೆ ತೇಲುತ್ತಿದೆ. ಕಬ್ಬಿಣ ಹಾಗೂ ಅನಂತರ ಉಕ್ಕು ಬಳಕೆಗೆ ಬಂದ ಮೇಲೆ ಉದ್ದದ ಮಿತಿ ಸಡಿಲಿತು. ಆದರೆ ಹೊಸದೊಂದು ಪ್ರಶ್ನೆ ಎದ್ದಿತು.

ರಿವೆಟ್ಟಿನಿಂದ ಬೆಸುಗೆಗೆ

ಮೊದಮೊದಲು ಉಕ್ಕಿನ ತಗಡುಗಳನ್ನು ಅಂಚಿನ ಮೇಲೆ ಅಂಚು ಬರುವಂತೆ ಇಟ್ಟು, ತೂತು ಕೊರೆದು, ಕೆಂಪಗೆ ಕಾಯಿಸಿದ ರಿವೆಟ್ಟುಗಳನ್ನು ತೂರಿಸಿ ಬಡಿದು ಜೋಡಿಸಲಾಗುತ್ತಿತ್ತು. ಒಂದು ಹಡಗಿಗೆ ಲಕ್ಷಾಂತರ ರಿವೆಟ್ಟುಗಳು ಬೇಕಾಗುತ್ತಿದ್ದವು. ಕೆಲಸ ನಿಧಾನದ್ದು, ಕಿವಿ ಕಿವುಡಾಗುವಷ್ಟು ಸದ್ದಿನದು, ಅಂಚುಗಳು ಒಂದರ ಮೇಲೊಂದು ಬರುವುದರಿಂದ ಉಕ್ಕಿನ ತೂಕವೂ ಹೆಚ್ಚು. ಎರಡು ತಗಡುಗಳ ಅಂಚುಗಳನ್ನು ವಿದ್ಯುತ್ ಕಿಡಿಯ ಶಾಖದಲ್ಲಿ ಕರಗಿಸಿ ಒಂದಾಗಿಸುವ ಬೆಸುಗೆಯ ವಿಧಾನ ಈ ತೊಂದರೆಗಳನ್ನೆಲ್ಲ ನಿವಾರಿಸುವಂತೆ ತೋರಿತು. ಪೂರ್ಣವಾಗಿ ಬೆಸುಗೆಯಿಂದಲೇ ಕಟ್ಟಿದ ಮೊದಲ ಸಾಗರಗಾಮಿ ಹಡಗು ಫುಲ್ಲಗರ್. ಅದು ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ 1920ರಲ್ಲಿ ಸಿದ್ಧವಾಯಿತು.

ಬೆಸುಗೆಯ ನಿಜವಾದ ಪರೀಕ್ಷೆ ನಡೆದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಜರ್ಮನ್ ಜಲಾಂತರ್ಗಾಮಿಗಳು ಮುಳುಗಿಸುತ್ತಿದ್ದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಸರಕು ಹಡಗುಗಳನ್ನು ಕಟ್ಟಬೇಕಾದ ಅನಿವಾರ್ಯತೆ ಅಮೆರಿಕಕ್ಕೆ ಒದಗಿತ್ತು. ಲಿಬರ್ಟಿ ಹಡಗುಗಳೆಂದು ಹೆಸರಾದ ಒಂದೇ ಮಾದರಿಯ 2,710 ಹಡಗುಗಳು 1941ರಿಂದ 1945ರೊಳಗೆ ನಿರ್ಮಾಣವಾದವು. ರಾಬರ್ಟ್ ಇ. ಪಿಯರಿ ಎಂಬ ಹಡಗನ್ನು 1942ರ ನವೆಂಬರ್‌ನಲ್ಲಿ ಐದು ದಿನಗಳೊಳಗೆ ಜೋಡಿಸಿ ನೀರಿಗಿಳಿಸಲಾಯಿತು. ಆದರೆ ಅದರ ಬೆನ್ನಿಗೇ ಆತಂಕದ ಸುದ್ದಿಗಳು ಬರತೊಡಗಿದವು. 1943ರ ಜನವರಿ 16ರಂದು ಪೋರ್ಟ್‌ಲ್ಯಾಂಡ್ ನಗರದ ಕಟ್ಟೆಯಲ್ಲಿ ಅಲುಗಾಡದೆ ನಿಂತಿದ್ದ ಸ್ಕೆನೆಕ್ಟಡಿ ಎಂಬ ಹೊಚ್ಚ ಹೊಸ ತೈಲ ಹಡಗು, ಬಿರುಗಾಳಿಯಿಲ್ಲ, ಅಲೆಯಿಲ್ಲ, ಭಾರೀ ಸದ್ದಿನೊಂದಿಗೆ ನಡುವೆ ಸೀಳಿಹೋಯಿತು. ಅದೇ ವರ್ಷ ನವೆಂಬರ್‌ನಲ್ಲಿ ಜಾನ್ ಪಿ. ಗೇನ್ಸ್ ಎಂಬ ಲಿಬರ್ಟಿ ಹಡಗು ಅಲಾಸ್ಕದ ಬಳಿ ಎರಡು ತುಂಡಾಗಿ ಹತ್ತು ಮಂದಿ ಪ್ರಾಣ ಕಳೆದುಕೊಂಡರು. ಇನ್ನೂ ನೂರಾರು ಹಡಗುಗಳಲ್ಲಿ ಸಣ್ಣ ದೊಡ್ಡ ಬಿರುಕುಗಳು ಕಾಣಿಸಿಕೊಂಡವು.

ದೋಷವನ್ನು ಮೊದಲು ಬೆಸುಗೆಗಾರರ ತಲೆಗೆ ಕಟ್ಟಲಾಯಿತು. ಅವಸರದಲ್ಲಿ ತರಬೇತಿ ಪಡೆದವರು ಮಾಡಿದ ಕೆಲಸವಾದುದರಿಂದ ಆ ಆರೋಪದಲ್ಲಿ ಸ್ವಲ್ಪ ಹುರುಳಿತ್ತೆನ್ನಬಹುದು, ಪೂರ್ಣ ಸತ್ಯವಿರಲಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದ ಕಾನ್‌ಸ್ಟನ್ಸ್ ಟಿಪ್ಪರ್ ಎಂಬ ಲೋಹವಿಜ್ಞಾನಿ ನಡೆಸಿದ ಪ್ರಯೋಗಗಳಿಂದ ಸ್ಪಷ್ಟವಾದ ಸಂಗತಿಯೇ ಬೇರೆ. ಆ ತಗಡುಗಳ ಉಕ್ಕು ಬೆಚ್ಚಗಿರುವಾಗ ಎಳೆದರೆ ಹಿಗ್ಗಿ, ಬಗ್ಗಿ, ಕೊನೆಗೆ ಹರಿಯುತ್ತಿತ್ತು. ಉಷ್ಣತೆ ಒಂದು ನಿರ್ದಿಷ್ಟ ಮಟ್ಟಕ್ಕಿಂತ ಕೆಳಗಿಳಿದರೆ ಅದೇ ಉಕ್ಕು ಪೆಡಸಾಗಿ ಗಾಜಿನಂತೆ ಒಡೆಯುತ್ತಿತ್ತು. ಸ್ಕೆನೆಕ್ಟಡಿ ಸೀಳಿದ ರಾತ್ರಿ ಗಾಳಿಯ ಉಷ್ಣತೆ ಸೊನ್ನೆಗಿಂತ ಕೆಳಗಿತ್ತು. ಇಂಥ ಉಕ್ಕಿನಲ್ಲಿ ಬೆಸುಗೆಯ ದೋಷವೋ, ಡೆಕ್ಕಿನ ಚೌಕ ಬಾಗಿಲಿನ ಚೂಪು ಮೂಲೆಯೋ ಬಿರುಕಿಗೆ ಆರಂಭ ಸ್ಥಾನವಾದರೆ ಸಾಕಾಗಿತ್ತು. ರಿವೆಟ್ ಹಡಗಿನಲ್ಲಿಯೂ ಬಿರುಕು ಹುಟ್ಟುತ್ತಿತ್ತು, ಆದರೆ ತಗಡಿನ ಅಂಚಿಗೆ ಬಂದು ನಿಲ್ಲುತ್ತಿತ್ತು. ಬೆಸುಗೆಯ ಹಡಗು ಮಾತ್ರ ಆದಿಯಿಂದ ಅಂತ್ಯದವರೆಗೆ ಒಂದೇ ಲೋಹ. ಬಿರುಕಿಗೆ ಎದುರಾಗುವ ಗಡಿಯೇ ಅಲ್ಲಿಲ್ಲ.

ಪರಿಹಾರವಾಗಿ ಮೂಲೆಗಳನ್ನು ದುಂಡಗೆ ಮಾಡಲಾಯಿತು. ಬಿರುಕನ್ನು ತಡೆಯಲೆಂದೇ ಡೆಕ್ಕಿನ ಉದ್ದಕ್ಕೂ ರಿವೆಟ್ ಹೊಡೆದ ಪಟ್ಟಿಗಳನ್ನು ಸೇರಿಸಲಾಯಿತು. ಹಳೆಯ ವಿಧಾನವೇ ಹೊಸ ವಿಧಾನದ ಕಾವಲಿಗೆ ನಿಂತದ್ದು ಗಮನಾರ್ಹ. ಮುಖ್ಯವಾಗಿ, ಹಡಗಿನ ಉಕ್ಕನ್ನು ಅದರ ಬಲದಿಂದ ಮಾತ್ರವಲ್ಲದೆ ಶೀತದಲ್ಲಿ ಅದು ತೋರುವ ತಾಳಿಕೆಯಿಂದಲೂ ಅಳೆಯಬೇಕೆಂಬ ನಿಯಮ ಜಾರಿಗೆ ಬಂದಿತು. ಗೀಟು ಹಾಕಿದ ಉಕ್ಕಿನ ಸಣ್ಣ ತುಂಡನ್ನು ತಣ್ಣಗೆ ಮಾಡಿ, ಲೋಲಕದ ಸುತ್ತಿಗೆಯಿಂದ ಒಂದೇ ಪೆಟ್ಟಿಗೆ ಮುರಿದು, ಅದು ಹೀರಿಕೊಂಡ ಶಕ್ತಿಯನ್ನು ಅಳೆಯುವ ಪರೀಕ್ಷೆ ಇಂದಿಗೂ ಪ್ರತಿಯೊಂದು ಉಕ್ಕಿನ ಕಾರ್ಖಾನೆಯಲ್ಲಿ ನಡೆಯುತ್ತದೆ.

ವಿಕ್ರಾಂತ್‌ಗೆ ಬೇಕಾದ ಉಕ್ಕು

ಈ ಪರೀಕ್ಷೆ ಭಾರತಕ್ಕೆ ಎಷ್ಟು ಮಹತ್ವದ್ದೆಂಬುದು ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಸ್ಪಷ್ಟವಾಯಿತು. ಕೊಚ್ಚಿಯ ಹಡಗುಕಟ್ಟೆಯಲ್ಲಿ ದೇಶದ ಪ್ರಪ್ರಥಮ ಸ್ವದೇಶಿ ವಿಮಾನವಾಹಕ ನೌಕೆಯ ನಿರ್ಮಾಣಕ್ಕೆ ಸಿದ್ಧತೆ ನಡೆದಾಗ ಎದುರಾದ ಮೊದಲ ಅಡ್ಡಿ ಯಾವುದೋ ಜಟಿಲ ಯಂತ್ರದ್ದಲ್ಲ, ತಗಡಿನದು. ಯುದ್ಧನೌಕೆಯ ಉಕ್ಕು ಸಾಮಾನ್ಯ ಹಡಗಿನ ಉಕ್ಕಿಗಿಂತ ಬಲವಾಗಿರಬೇಕು. ಸ್ಫೋಟದ ಆಘಾತಕ್ಕೆ ಬಗ್ಗಬೇಕೇ ಹೊರತು ಒಡೆಯಬಾರದು. ಜೊತೆಗೆ ಬೆಸುಗೆಗೆ ಸುಲಭವಾಗಿ ಒದಗಬೇಕು. ಈ ಮೂರು ಗುಣಗಳು ಒಂದಕ್ಕೊಂದು ಹೊಂದುವುದು ಕಷ್ಟ. ಇಂಗಾಲದ ಅಂಶ ಹೆಚ್ಚಿಸಿದರೆ ಬಲ ಬರುತ್ತದೆ, ಆದರೆ ಬೆಸುಗೆಯ ಅಕ್ಕಪಕ್ಕದ ಲೋಹ ಬಿಸಿಯಾಗಿ ತಣಿಯುವಾಗ ಪೆಡಸಾಗುತ್ತದೆ. ಅಂಥ ಉಕ್ಕನ್ನು ಅದುವರೆಗೆ ವಿದೇಶದಿಂದ ತರಿಸಿಕೊಳ್ಳಲಾಗುತ್ತಿತ್ತು. ಅದರ ಪೂರೈಕೆಯಲ್ಲಿ ತೊಡಕುಂಟಾದಾಗ ದೇಶದಲ್ಲಿಯೇ ತಯಾರಿಸುವುದು ಅನಿವಾರ್ಯವಾಯಿತು.

ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಸಂಶೋಧನಾಲಯ, ಭಾರತೀಯ ಉಕ್ಕು ಪ್ರಾಧಿಕಾರ ಮತ್ತು ನೌಕಾಪಡೆ ಈ ಮೂರೂ ಸೇರಿ ಅಭಿವೃದ್ಧಿಪಡಿಸಿದ ಉಕ್ಕಿಗೆ ಡಿಎಂಆರ್ 249 ಎಂಬ ಹೆಸರಿದೆ. ಇದರಲ್ಲಿ ಇಂಗಾಲದ ಪ್ರಮಾಣ ಬಹಳ ಕಡಿಮೆ. ಬಲಕ್ಕಾಗಿ ಇಂಗಾಲವನ್ನು ನೆಚ್ಚದೆ ಮ್ಯಾಂಗನೀಸ್ ಮತ್ತು ನಿಕಲ್ ಜೊತೆಗೆ ಅತ್ಯಲ್ಪ ಪ್ರಮಾಣದಲ್ಲಿ ನಯೋಬಿಯಂ, ವನೇಡಿಯಂ ಮೊದಲಾದ ಧಾತುಗಳನ್ನು ಬೆರೆಸಲಾಗುತ್ತದೆ. ಇವು ಉಕ್ಕಿನ ಹರಳುಗಳನ್ನು ಅತಿ ಸೂಕ್ಷ್ಮವಾಗಿ ಉಳಿಸುತ್ತವೆ. ಹರಳು ಸಣ್ಣದಾದಷ್ಟೂ ಬಿರುಕು ದಾಟಬೇಕಾದ ಗಡಿಗಳು ಹೆಚ್ಚುತ್ತವೆ. ಬಲ ಮತ್ತು ತಾಳಿಕೆ ಎರಡನ್ನೂ ಏಕಕಾಲಕ್ಕೆ ಹೆಚ್ಚಿಸುವ ಉಪಾಯ ಲೋಹವಿಜ್ಞಾನದಲ್ಲಿ ಇದೊಂದೇ ಎನ್ನಬಹುದು. ಗಂಧಕ ಮತ್ತು ರಂಜಕದಂಥ ಕಲ್ಮಶಗಳನ್ನು ಸಾಧ್ಯವಾದಷ್ಟು ತೆಗೆಯಬೇಕು. ಹೀಗೆ ತಯಾರಾದ ತಗಡು ಸೊನ್ನೆಗಿಂತ 60 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೀತದಲ್ಲಿಯೂ ಸುತ್ತಿಗೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬುದು ನಿಯಮ. ಅರಬ್ಬೀ ಸಮುದ್ರದಲ್ಲಿ ಅಂಥ ಶೀತ ಎಂದೂ ಬರುವುದಿಲ್ಲ ನಿಜ; ಆದರೆ ಸ್ಫೋಟದ ಮಿಂಚಿನ ಆಘಾತವು ಉಕ್ಕಿನ ಮೇಲೆ ಉಂಟುಮಾಡುವ ಪರಿಣಾಮ ತೀವ್ರ ಶೀತದ ಪರಿಣಾಮಕ್ಕೆ ಹತ್ತಿರವಾದುದು.

ಒಡಲಿಗೆ 249ಎ, ವಿಮಾನಗಳು ಇಳಿಯುವ ಡೆಕ್ಕಿಗೆ ಅದಕ್ಕಿಂತ ಬಲವಾದ 249ಬಿ ಎಂದು ಎರಡು ಬಗೆಗಳು ರೂಪುಗೊಂಡವು. ಭಿಲಾಯಿ, ಬೊಕಾರೊ ಮತ್ತು ರೂರ್ಕೆಲಾ ಸ್ಥಾವರಗಳಿಂದ ಸುಮಾರು 30,000 ಟನ್ ವಿಶೇಷ ಉಕ್ಕು ಕೊಚ್ಚಿಗೆ ರವಾನೆಯಾಯಿತು. ತಗಡು ಸಿದ್ಧವಾದರೆ ಅರ್ಧ ಕೆಲಸವಷ್ಟೇ ಮುಗಿದಂತೆ. ಅದಕ್ಕೆ ಹೊಂದುವ ಬೆಸುಗೆ ಕಡ್ಡಿಗಳು ಬೇಕು, ಬೆಸುಗೆಯ ಕ್ರಮವನ್ನು ಗೊತ್ತುಪಡಿಸಬೇಕು, ಅದರಲ್ಲಿ ನೂರಾರು ಬೆಸುಗೆಗಾರರನ್ನು ಪಳಗಿಸಬೇಕು. ಬೆಸುಗೆ ಕಡ್ಡಿಯ ಲೇಪನದಲ್ಲಿ ಒಂದಿಷ್ಟು ತೇವವಿದ್ದರೂ ಅದರ ಜಲಜನಕ ಕರಗಿದ ಲೋಹದೊಳಗೆ ಸೇರಿ, ಗಂಟೆಗಳ ಅನಂತರ, ಕೆಲವೊಮ್ಮೆ ದಿನಗಳ ಅನಂತರ ಕಣ್ಣಿಗೆ ಕಾಣದ ಬಿರುಕನ್ನು ಹುಟ್ಟಿಸಬಲ್ಲದು. ವರ್ಷದ ಅರ್ಧ ಭಾಗ ಮಳೆ ಸುರಿಯುವ ಕೊಚ್ಚಿಯಂಥ ಊರಿನಲ್ಲಿ ಇದು ಸಣ್ಣ ಸಮಸ್ಯೆಯಲ್ಲ. ಕಡ್ಡಿಗಳನ್ನು ಒಲೆಯಲ್ಲಿಟ್ಟು ಒಣಗಿಸಿ, ಬಿಸಿ ಆರದಂತೆ ಕೆಲಸದ ಜಾಗಕ್ಕೆ ಒಯ್ಯುವ ಶಿಸ್ತನ್ನು ಈ ಕಾರಣಕ್ಕಾಗಿಯೇ ಪಾಲಿಸಲಾಗುತ್ತದೆ.

262 ಮೀಟರ್ ಉದ್ದದ ಈ ನೌಕೆಯ ಕೀಲ್ ಸ್ಥಾಪನೆ 2009ರ ಫೆಬ್ರವರಿ 28ರಂದು ನಡೆಯಿತು. 2013ರ ಆಗಸ್ಟ್ 12ರಂದು ಅದನ್ನು ನೀರಿಗಿಳಿಸಲಾಯಿತು. 2022ರ ಸೆಪ್ಟೆಂಬರ್ 2ರಂದು ಅದು ಐಎನ್‌ಎಸ್ ವಿಕ್ರಾಂತ್ ಎಂಬ ಹೆಸರಿನಲ್ಲಿ ನೌಕಾಪಡೆಯ ಸೇವೆಗೆ ಸೇರಿತು. ಹದಿಮೂರು ವರ್ಷಗಳೆಂಬುದು ದೀರ್ಘ ಕಾಲವೇ ಸರಿ. ಆದರೆ ಅಷ್ಟರಲ್ಲಿ ಅದೇ ಉಕ್ಕು ಬೇರೆ ಕಟ್ಟೆಗಳಿಗೂ ಹಬ್ಬಿತ್ತು. ಕೋಲ್ಕತ್ತದ ಗಾರ್ಡನ್ ರೀಚ್ ಹಡಗುಕಟ್ಟೆ ನಿರ್ಮಿಸಿದ ಜಲಾಂತರ್ಗಾಮಿ ನಿರೋಧಕ ನೌಕೆ ಐಎನ್‌ಎಸ್ ಕಮೋರ್ತಾ 249ಎ ಉಕ್ಕಿನಿಂದಲೇ ಸಿದ್ಧವಾಗಿ 2014ರಲ್ಲಿ ಸೇವೆಗೆ ಸೇರಿತು.

ತುಂಡು ತುಂಡಾಗಿ ಕಟ್ಟುವ ಕ್ರಮ

ಕೀಲ್ ಎಂಬ ಬೆನ್ನೆಲುಬನ್ನು ಮೊದಲು ಇಟ್ಟು, ಅದರ ಮೇಲೆ ಪಕ್ಕೆಲುಬುಗಳನ್ನು ನಿಲ್ಲಿಸಿ, ಕೊನೆಗೆ ತಗಡಿನ ಚರ್ಮ ಹೊದಿಸುವುದು ಹಡಗು ಕಟ್ಟುವ ಹಳೆಯ ಕ್ರಮ. ಈಗ ಕೀಲ್ ಸ್ಥಾಪನೆಯೆಂಬುದು ಬಹುಮಟ್ಟಿಗೆ ಒಂದು ಶುಭಕಾರ್ಯವಾಗಿ ಉಳಿದಿದೆ. ವಿಕ್ರಾಂತ್‌ನ ಒಡಲನ್ನು 874 ಬ್ಲಾಕುಗಳನ್ನಾಗಿ ವಿಭಾಗಿಸಲಾಗಿತ್ತು. ಕೀಲ್ ಸ್ಥಾಪನೆಯ ವೇಳೆಗಾಗಲೇ ಅವುಗಳಲ್ಲಿ 423 ಬ್ಲಾಕುಗಳು ಸಿದ್ಧವಾಗಿದ್ದವು. ಬ್ಲಾಕ್ ಎಂದರೆ ಡೆಕ್, ಗೋಡೆ, ತೊಲೆಗಳೆಲ್ಲ ಕೂಡಿದ, ಹಲವು ಕೋಣೆಗಳಷ್ಟು ದೊಡ್ಡದಾದ ಉಕ್ಕಿನ ಭಾಗ. ಇದನ್ನು ನೆರಳಿರುವ ಶೆಡ್ಡಿನಲ್ಲಿ ಕಟ್ಟುತ್ತಾರೆ. ಎಷ್ಟೋ ಬಾರಿ ತಲೆಕೆಳಗಾಗಿಯೇ ಕಟ್ಟುತ್ತಾರೆ. ಏಕೆಂದರೆ ತಲೆಯ ಮೇಲಿನ ಕೀಲಿಗೆ ಕೈಯೆತ್ತಿ ಬೆಸುಗೆ ಹಾಕುವುದಕ್ಕಿಂತ ಕೆಳಗಿನ ಕೀಲಿಗೆ ಬಾಗಿ ಬೆಸುಗೆ ಹಾಕುವುದು ಸುಲಭ, ಕೆಲಸವೂ ಅಚ್ಚುಕಟ್ಟು. ಬ್ಲಾಕು ನೆಲದ ಮೇಲಿರುವಾಗಲೇ ಕೊಳವೆ, ಗಾಳಿಮಾರ್ಗ, ಏಣಿ, ವಿದ್ಯುತ್ ತಂತಿಯ ಹಾದಿಗಳನ್ನು ಕೂರಿಸಿ ಬಣ್ಣವನ್ನೂ ಬಳಿಯುತ್ತಾರೆ. ಬಳಿಕ ದೈತ್ಯ ಕ್ರೇನು ಅದನ್ನು ಎತ್ತಿ ಡ್ರೈಡಾಕಿನಲ್ಲಿ ಅದರ ಸ್ಥಾನದಲ್ಲಿ ಇಳಿಸುತ್ತದೆ. ಹಡಗಿನೊಳಗೆ ಇಕ್ಕಟ್ಟಿನಲ್ಲಿ ಹಲವು ದಿನ ಹಿಡಿಯುವ ಕೆಲಸ ಶೆಡ್ಡಿನಲ್ಲಿ ಒಂದೆರಡು ದಿನಗಳಲ್ಲಿ ಮುಗಿಯುತ್ತದೆಂಬುದು ಹಡಗುಕಟ್ಟೆಗಳ ಸಾಮಾನ್ಯ ಅನುಭವ.

ಈ ವಿಧಾನದ ಮೂಲ ಯುದ್ಧಕಾಲದ ಅಮೆರಿಕದಲ್ಲಿದೆ. ಯುದ್ಧಾನಂತರ ಜಪಾನಿನ ಕುರೆ ಹಡಗುಕಟ್ಟೆಯ ಮೂಲಕ ಅದು ಏಷ್ಯಕ್ಕೆ ಬಂದಿತು. ಅದನ್ನು ಪರಿಪೂರ್ಣಗೊಳಿಸಿದವರು ಜಪಾನಿಯರು, ಇನ್ನಷ್ಟು ಬೃಹತ್ತಾಗಿ ಬೆಳೆಸಿದವರು ಕೊರಿಯನ್ನರು, ಈಗ ಚೀನೀಯರು. ಹಡಗು ನಿರ್ಮಾಣದ ಕೇಂದ್ರ ಯುರೋಪಿನಿಂದ ಏಷ್ಯಕ್ಕೆ ಸರಿದುದನ್ನು ಹೇಳಲು ಒಂದು ನಿದರ್ಶನ ಸಾಕು. ಸ್ವೀಡನ್ನಿನ ಮಾಲ್ಮೊ ನಗರದಲ್ಲಿ 138 ಮೀಟರ್ ಎತ್ತರದ, 1,500 ಟನ್ ಎತ್ತಬಲ್ಲ ಕ್ರೇನೊಂದಿತ್ತು. ಕಟ್ಟೆ ಮುಚ್ಚಿಹೋದ ಮೇಲೆ ಕೊರಿಯದ ಹ್ಯುಂಡೈ ಸಂಸ್ಥೆ 2002ರಲ್ಲಿ ಅದನ್ನು ಕೇವಲ ಒಂದು ಡಾಲರಿಗೆ ಕೊಂಡು, ಬಿಚ್ಚಿ, ಉಲ್ಸಾನಿಗೆ ಸಾಗಿಸಿತು. ಕೊರಿಯದಲ್ಲಿ ಅದಕ್ಕೆ ಮಾಲ್ಮೊದ ಕಣ್ಣೀರು ಎಂಬ ಹೆಸರು ಉಳಿದುಕೊಂಡಿದೆ.

ಬ್ಲಾಕ್ ವಿಧಾನದ ತಿರುಳು ಕ್ರೇನಿನಲ್ಲಿಲ್ಲ, ಅಳತೆಯಲ್ಲಿದೆ. ಬೆಸುಗೆಯ ಶಾಖಕ್ಕೆ ಹಿಗ್ಗಿದ ತಗಡು ತಣಿಯುವಾಗ ಕುಗ್ಗುತ್ತದೆ, ಸೊಟ್ಟಗಾಗುತ್ತದೆ. ಪ್ರತಿ ಬೆಸುಗೆಗೆ ಒಂದು ಮಿಲಿಮೀಟರ್ ಕುಗ್ಗಿದರೂ ನೂರು ಬೆಸುಗೆ ಕಳೆಯುವಷ್ಟರಲ್ಲಿ ಎರಡು ಬ್ಲಾಕುಗಳ ಅಂಚುಗಳು ಕೂಡುವುದೇ ಇಲ್ಲ. ಹಿಂದೆ ಈ ತೊಂದರೆಗಾಗಿ ಅಂಚಿನಲ್ಲಿ ಹೆಚ್ಚಿನ ಉಕ್ಕನ್ನು ಬಿಟ್ಟು, ಕೂಡಿಸುವ ಹೊತ್ತಿಗೆ ಕತ್ತರಿಸಿ ಹೊಂದಿಸಲಾಗುತ್ತಿತ್ತು. ಈಗ ಪ್ರತಿಯೊಂದು ಬೆಸುಗೆಯಿಂದ ಆಗುವ ಕುಗ್ಗುವಿಕೆಯನ್ನು ಗಣಕಯಂತ್ರದಲ್ಲಿ ಮುಂಚಿತವಾಗಿ ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ತಗಡನ್ನು ಕತ್ತರಿಸಲಾಗುತ್ತದೆ. ಲೇಸರ್ ಉಪಕರಣಗಳಿಂದ ಬ್ಲಾಕನ್ನು ಅಳೆದು ನಕ್ಷೆಯೊಂದಿಗೆ ತಾಳೆ ನೋಡಲಾಗುತ್ತದೆ. ಜರ್ಮನಿಯ ಪಾಪೆನ್‌ಬುರ್ಗ್‌ನ ಪ್ರವಾಸಿ ಹಡಗುಗಳ ಕಟ್ಟೆಯಲ್ಲಿ ಲೇಸರ್ ಮತ್ತು ವಿದ್ಯುತ್ ಕಿಡಿ ಎರಡನ್ನೂ ಕೂಡಿಸಿದ ಬೆಸುಗೆ ಬಳಕೆಯಲ್ಲಿದೆ. ಶಾಖ ಕಡಿಮೆಯಾದುದರಿಂದ ತೆಳು ತಗಡುಗಳೂ ಸುಕ್ಕುಗಟ್ಟುವುದಿಲ್ಲ.

ಯಂತ್ರ ಇಷ್ಟೆಲ್ಲ ಮುಂದುವರಿದರೂ ಒಂದು ಕೆಲಸ ಬಹುಮಟ್ಟಿಗೆ ಮನುಷ್ಯನ ಕೈಯಲ್ಲಿಯೇ ಉಳಿದಿದೆ. ಹಡಗಿನ ಮುಂತುದಿಯ ತಗಡುಗಳು ಏಕಕಾಲದಲ್ಲಿ ಎರಡು ದಿಕ್ಕಿಗೆ ಬಾಗಿರುತ್ತವೆ. ಅಂಥ ಬಾಗನ್ನು ತರಲು ನುರಿತ ಕೆಲಸಗಾರ ಅನಿಲ ಜ್ವಾಲೆಯನ್ನು ತಗಡಿನ ಮೇಲೆ ಗೆರೆ ಎಳೆದಂತೆ ಸಾಗಿಸುತ್ತಾನೆ, ಅದರ ಹಿಂದೆಯೇ ನೀರು ಹರಿಯುತ್ತದೆ. ಬೆಸುಗೆಯಲ್ಲಿ ಶತ್ರುವಾದ ಕುಗ್ಗುವಿಕೆಯೇ ಇಲ್ಲಿ ಮಿತ್ರ. ಎಲ್ಲಿ, ಎಷ್ಟು ಗೆರೆ, ಯಾವ ವೇಗದಲ್ಲಿ ಎಂಬುದನ್ನು ಆತ ವರ್ಷಗಳ ಅಭ್ಯಾಸದಿಂದ ಬಲ್ಲ. ಇದನ್ನು ಸ್ವಯಂಚಾಲಿತಗೊಳಿಸುವ ಯಂತ್ರಗಳು ಬಂದಿವೆಯಾದರೂ ಅನುಭವಿಯ ಕಣ್ಣಿಗೆ ಕೆಲಸ ತಪ್ಪಿಲ್ಲ.

ಗಾತ್ರ ಬೆಳೆದಂತೆ

1956ರಲ್ಲಿ ನ್ಯೂವಾರ್ಕ್‌ನಿಂದ ಹೊರಟ ಐಡಿಯಲ್ ಎಕ್ಸ್ ಎಂಬ ಹಡಗು 58 ಕಂಟೇನರುಗಳನ್ನು ಒಯ್ದಿತು. 2023ರಲ್ಲಿ ಸೇವೆಗೆ ಬಂದ ಎಂಎಸ್‌ಸಿ ಇರಿನಾ ಇಪ್ಪತ್ತು ಅಡಿ ಅಳತೆಯ 24,346 ಕಂಟೇನರುಗಳನ್ನು ಹೊರಬಲ್ಲದು. 2025ರ ಜೂನ್‌ನಲ್ಲಿ ಅದು ಕೇರಳದ ವಿಳಿಂಜಂ ಬಂದರಿಗೆ ಬಂದಿತ್ತು. ಸುಮಾರು 400 ಮೀಟರ್ ಉದ್ದದ ಇಂಥ ಹಡಗಿನ ರಚನೆಯಲ್ಲಿ ಒಂದು ಮೂಲಭೂತ ಕಷ್ಟವಿದೆ. ಕಂಟೇನರುಗಳನ್ನು ಮೇಲಿನಿಂದ ಇಳಿಸಬೇಕಾದುದರಿಂದ ಡೆಕ್ಕಿನ ಬಹುಭಾಗ ತೆರೆದೇ ಇರುತ್ತದೆ. ಮುಚ್ಚಳವಿಲ್ಲದ ರಟ್ಟಿನ ಪೆಟ್ಟಿಗೆ ಸುಲಭವಾಗಿ ತಿರುಚಿಕೊಳ್ಳುವಂತೆ ಈ ಹಡಗೂ ತಿರುಚಿಕೊಳ್ಳಬಯಸುತ್ತದೆ. ಇದಕ್ಕಾಗಿ ತೆರವಿನ ಅಂಚಿನಲ್ಲಿ ಒಂದು ಗೇಣಿನ ಅರ್ಧದಷ್ಟು, ಅಂದರೆ ನೂರು ಮಿಲಿಮೀಟರಿನವರೆಗೂ ದಪ್ಪನಾದ ಉಕ್ಕನ್ನು ಬಳಸಬೇಕಾಗುತ್ತದೆ. ತಗಡು ದಪ್ಪವಾದಷ್ಟೂ ಪೆಡಸಾಗಿ ಒಡೆಯುವ ಭಯ ಹೆಚ್ಚು. ಆದುದರಿಂದ ಹುಟ್ಟಿದ ಬಿರುಕನ್ನು ತನ್ನೊಳಗೆ ನಿಲ್ಲಿಸುವ ವಿಶೇಷ ಉಕ್ಕನ್ನು ಜಪಾನ್ ಮತ್ತು ಕೊರಿಯ ಅಭಿವೃದ್ಧಿಪಡಿಸಿವೆ. ಲಿಬರ್ಟಿ ಹಡಗುಗಳ ರಿವೆಟ್ ಪಟ್ಟಿ ಮಾಡುತ್ತಿದ್ದ ಕೆಲಸವನ್ನು ಈಗ ಉಕ್ಕಿನ ಒಳರಚನೆಯೇ ಮಾಡುತ್ತದೆ.

ಹೀಗಿದ್ದರೂ ಅಪಾಯ ತೀರಿಲ್ಲ. 2013ರ ಜೂನ್ 17ರಂದು ಸಿಂಗಪುರದಿಂದ ಜೆಡ್ಡಾದ ಕಡೆಗೆ ಸಾಗುತ್ತಿದ್ದ ಎಂಒಎಲ್ ಕಂಫರ್ಟ್ ಎಂಬ ಜಪಾನೀ ನಿರ್ಮಿತ ಕಂಟೇನರ್ ಹಡಗು ಮುಂಗಾರಿನ ಅಲೆಗಳಿಗೆ ಸಿಕ್ಕಿ ಯೆಮನ್ ತೀರದಿಂದಾಚೆ ಎರಡಾಗಿ ಮುರಿಯಿತು. ಅದಕ್ಕೆ ಆಗ ಕೇವಲ ಐದು ವರ್ಷ. ಇಪ್ಪತ್ತಾರು ಮಂದಿ ಸಿಬ್ಬಂದಿಯೂ ಪಾರಾದರು. ಎರಡು ತುಂಡುಗಳೂ ಕೆಲಕಾಲ ಬೇರೆ ಬೇರೆಯಾಗಿ ತೇಲಿ, ಹಿಂಭಾಗ ಜೂನ್ 27ರಂದು, ಬೆಂಕಿ ಹತ್ತಿದ ಮುಂಭಾಗ ಜುಲೈ 11ರಂದು ಮುಳುಗಿದವು. ತನಿಖೆಯಲ್ಲಿ ಕಂಡುಬಂದುದು ಇಷ್ಟು: ಅಲೆಯ ನೆತ್ತಿ ನಡುವೆ ಬಂದಾಗ ಒತ್ತಡಕ್ಕೊಳಗಾಗುವ ತಳದ ತಗಡುಗಳು, ಮೇಲಿನ ಸರಕಿನ ಭಾರ ಮತ್ತು ಕೆಳಗಿನ ನೀರಿನ ಒತ್ತು ಇವೂ ಕೂಡಿದಾಗ, ಸುಕ್ಕುಗಟ್ಟಿ ಕುಸಿದಿದ್ದವು. ಈ ಎರಡು ಬಗೆಯ ಭಾರಗಳನ್ನು ಒಟ್ಟಾಗಿ ಲೆಕ್ಕ ಹಿಡಿಯುವ ಹೊಸ ನಿಯಮಗಳನ್ನು ಹಡಗುಗಳ ವರ್ಗೀಕರಣ ಸಂಸ್ಥೆಗಳು 2015ರಲ್ಲಿ ರೂಪಿಸಿದವು. ಹಡಗಿನ ನಿಯಮಾವಳಿಯಲ್ಲಿ ಹೀಗೆ ಒಂದೊಂದು ದುರಂತದ ಹಿಂದೆ ಒಂದೊಂದು ಅಧ್ಯಾಯ ಸೇರುತ್ತ ಬಂದಿದೆ.

ಎಂಜಿನ್ನು ಮತ್ತು ಇಂಧನ

1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯಾ ಡೀಸೆಲ್ ಎಂಜಿನ್ನಿನಿಂದ ಸಾಗರಯಾನ ಮಾಡಿ ತೋರಿಸಿದ ಮೇಲೆ ಕ್ರಮೇಣ ಉಗಿಯ ಕಾಲ ಮುಗಿಯಿತು. ಇಂದಿನ ದೊಡ್ಡ ಹಡಗಿನ ಡೀಸೆಲ್ ಎಂಜಿನ್ನು ಹಲವು ಅಂತಸ್ತಿನ ಕಟ್ಟಡದಷ್ಟು ಎತ್ತರವಿದ್ದು, ಇಂಧನದ ಶಕ್ತಿಯಲ್ಲಿ ಸುಮಾರು ಅರ್ಧದಷ್ಟನ್ನು ಚಲನೆಯಾಗಿ ಪರಿವರ್ತಿಸುತ್ತದೆ. ಶಾಖದಿಂದ ನಡೆಯುವ ಯಂತ್ರಗಳಲ್ಲಿ ಇದು ಬಹಳ ಉತ್ತಮ ಮಟ್ಟ. ಆದರೆ ಅದು ಉರಿಸುವುದು ಕಚ್ಚಾ ತೈಲ ಶುದ್ಧೀಕರಣದಲ್ಲಿ ಕೊನೆಗುಳಿಯುವ ದಪ್ಪ ಎಣ್ಣೆಯನ್ನು. ವಿಶ್ವದ ಹಸಿರುಮನೆ ಅನಿಲಗಳಲ್ಲಿ ನೌಕಾಯಾನದ ಪಾಲು ಶೇಕಡಾ 3ರ ಸಮೀಪದಲ್ಲಿದೆ. 2020ರ ಜನವರಿ 1ರಿಂದ ಹಡಗಿನ ಇಂಧನದಲ್ಲಿ ಗಂಧಕದ ಪ್ರಮಾಣವನ್ನು ಶೇಕಡಾ 3.5ರಿಂದ 0.5ಕ್ಕೆ ಇಳಿಸಲಾಯಿತು. 2050ರ ಸುಮಾರಿಗೆ ನಿವ್ವಳ ಹೊರಸೂಸುವಿಕೆಯನ್ನು ಸೊನ್ನೆಗೆ ತರಬೇಕೆಂದು ಅಂತರರಾಷ್ಟ್ರೀಯ ನೌಕಾ ಸಂಸ್ಥೆ 2023ರಲ್ಲಿ ಗುರಿ ನಿಗದಿಪಡಿಸಿತು. ಅದಕ್ಕೆ ಬೇಕಾದ ನಿಯಮಾವಳಿಯ ಅಂಗೀಕಾರವನ್ನು 2025ರ ಅಕ್ಟೋಬರ್‌ನಲ್ಲಿ ಸದಸ್ಯ ರಾಷ್ಟ್ರಗಳು ಒಂದು ವರ್ಷ ಮುಂದಕ್ಕೆ ಹಾಕಿದವು. ಇಂದು ಕಟ್ಟುವ ಹಡಗು 2050ರಲ್ಲಿಯೂ ಸಮುದ್ರದಲ್ಲಿಯೇ ಇರುವುದರಿಂದ ಹಡಗಿನ ಮಾಲೀಕರಿಗೆ ಈ ಅನಿಶ್ಚಿತತೆ ನಿಜವಾದ ತಲೆನೋವಾಗಿದೆ.

ಮೆಥನಾಲ್, ಅಮೋನಿಯ, ದ್ರವೀಕೃತ ನೈಸರ್ಗಿಕ ಅನಿಲ, ಜಲಜನಕ ಇವು ಸದ್ಯಕ್ಕೆ ಪರ್ಯಾಯಗಳು. 2024ರ ಆರಂಭದಲ್ಲಿ ಸೇವೆಗೆ ಬಂದ ಆನೆ ಮಾರ್ಸ್ಕ್ ಎಂಬ ಬೃಹತ್ ಕಂಟೇನರ್ ಹಡಗು ಮೆಥನಾಲಿನಿಂದ ನಡೆಯಬಲ್ಲದು. ಆದರೆ ಒಂದು ಕಿಲೋಗ್ರಾಂ ಮೆಥನಾಲಿನಲ್ಲಿರುವ ಶಕ್ತಿ ಒಂದು ಕಿಲೋಗ್ರಾಂ ಎಣ್ಣೆಯ ಶಕ್ತಿಯಲ್ಲಿ ಅರ್ಧದಷ್ಟೂ ಇಲ್ಲ. ತೊಟ್ಟಿ ಎರಡು ಪಟ್ಟಿಗೂ ಮಿಕ್ಕಿ ದೊಡ್ಡದಾಗಬೇಕು, ಅಷ್ಟು ಸರಕು ಕಡಿಮೆಯಾಗಬೇಕು. ಅಮೋನಿಯದಲ್ಲಿ ಇಂಗಾಲವಿಲ್ಲ, ವಿಷವಿದೆ. ನೈಸರ್ಗಿಕ ಅನಿಲವನ್ನು ಸೊನ್ನೆಗಿಂತ 162 ಡಿಗ್ರಿ ಕೆಳಗಿಟ್ಟು ಒಯ್ಯಬೇಕು. ಅಲ್ಲಿಗೆ ಪ್ರಶ್ನೆ ಮತ್ತೆ ಶೀತದಲ್ಲಿ ಒಡೆಯದ ಲೋಹಕ್ಕೂ ಅದರ ಬೆಸುಗೆಗೂ ಬಂದು ನಿಲ್ಲುತ್ತದೆ. ಗಾಳಿಯನ್ನು ಮತ್ತೆ ಕರೆತರುವ ಪ್ರಯತ್ನವೂ ನಡೆದಿದೆ: 2023ರಲ್ಲಿ ಪಿಕ್ಸಿಸ್ ಓಷನ್ ಎಂಬ ಸರಕು ಹಡಗು 37.5 ಮೀಟರ್ ಎತ್ತರದ, ಮಡಚಬಹುದಾದ ಎರಡು ರೆಕ್ಕೆಪಟಗಳನ್ನು ಹೊತ್ತು ಚೀನಾದಿಂದ ಬ್ರೆಜಿಲ್‌ಗೆ ಹೊರಟಿತು. ಎಲ್ಲಕ್ಕಿಂತ ಅಗ್ಗದ ಉಪಾಯ ನಿಧಾನವಾಗಿ ಸಾಗುವುದು. ವೇಗವನ್ನು ಹತ್ತರಲ್ಲಿ ಒಂದು ಪಾಲು ತಗ್ಗಿಸಿದರೆ ಬೇಕಾಗುವ ಎಂಜಿನ್ ಶಕ್ತಿ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ.

ಕಡಿಮೆ ದೂರದ ಹಡಗುಗಳಲ್ಲಿ ವಿದ್ಯುತ್ತು ನೆಲೆಯೂರಿದೆ. ಕೊಚ್ಚಿನ್ ಶಿಪ್‌ಯಾರ್ಡ್ ನಾರ್ವೆಯ ಆಸ್ಕೊ ಸಂಸ್ಥೆಗಾಗಿ ಕಟ್ಟಿದ 67 ಮೀಟರ್ ಉದ್ದದ ಎರಡು ಬ್ಯಾಟರಿ ಹಡಗುಗಳನ್ನು 2022ರಲ್ಲಿ ಹಸ್ತಾಂತರಿಸಲಾಯಿತು. 2023ರ ಏಪ್ರಿಲ್‌ನಲ್ಲಿ ಆರಂಭವಾದ ಕೊಚ್ಚಿ ಜಲ ಮೆಟ್ರೊದ ದೋಣಿಗಳೂ ಅಲ್ಲಿಯವೇ.

ಭಾರತದ ಕಟ್ಟೆಗಳು

ಸ್ವಾತಂತ್ರ್ಯಾನಂತರ 1948ರ ಮಾರ್ಚ್ 14ರಂದು ವಿಶಾಖಪಟ್ಟಣದಲ್ಲಿ ಜಲ ಉಷಾ ನೀರಿಗಿಳಿದಾಗ ದೇಶಕ್ಕೆ ಇದ್ದ ಭರವಸೆ ದೊಡ್ಡದು. ಆದರೆ ಇಂದು ವಿಶ್ವದ ಹಡಗು ನಿರ್ಮಾಣದಲ್ಲಿ ಭಾರತದ ಪಾಲು ಶೇಕಡಾ 1ಕ್ಕಿಂತ ಕಡಿಮೆ; ಚೀನಾ, ದಕ್ಷಿಣ ಕೊರಿಯ ಮತ್ತು ಜಪಾನ್ ಸೇರಿ ಶೇಕಡಾ 90ಕ್ಕೂ ಹೆಚ್ಚು. ಯುದ್ಧನೌಕೆಗಳಲ್ಲಿ ಸಾಧಿಸಿದುದನ್ನು ಸರಕು ಹಡಗುಗಳಲ್ಲಿ ಸಾಧಿಸಲಾಗಿಲ್ಲ. ಯುದ್ಧನೌಕೆಯಲ್ಲಿ ಗುಣಮಟ್ಟ ಮೊದಲು, ಬೆಲೆ ಅನಂತರ. ಸರಕು ಹಡಗಿನ ಗಿರಾಕಿಗೆ ಬೆಲೆ ಮತ್ತು ಗಡುವು ಎರಡೂ ಮೊದಲು. ಈ ಅಂತರವನ್ನು ಕಡಿಮೆ ಮಾಡುವ ಉದ್ದೇಶದಿಂದ ಕೇಂದ್ರ ಸಚಿವ ಸಂಪುಟ 2025ರ ಸೆಪ್ಟೆಂಬರ್ 24ರಂದು 69,725 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ಹಡಗು ನಿರ್ಮಾಣಕ್ಕೆ ಆರ್ಥಿಕ ನೆರವನ್ನು 2036ರ ಮಾರ್ಚ್‌ವರೆಗೆ ಮುಂದುವರಿಸುವುದು, ನೌಕಾ ಅಭಿವೃದ್ಧಿ ನಿಧಿಯ ಸ್ಥಾಪನೆ, ಕಟ್ಟೆಗಳ ಸಾಮರ್ಥ್ಯವನ್ನು ಹೆಚ್ಚಿಸುವುದು ಇದರಲ್ಲಿ ಸೇರಿವೆ. ಕೊಚ್ಚಿಯಲ್ಲಿ 310 ಮೀಟರ್ ಉದ್ದದ ಹೊಸ ಡ್ರೈಡಾಕ್ 2024ರ ಜನವರಿಯಲ್ಲಿಯೇ ಉದ್ಘಾಟನೆಗೊಂಡಿದೆ.

ಕರ್ನಾಟಕದ ಕರಾವಳಿಗೂ ಈ ಬೆಳವಣಿಗೆಯಲ್ಲಿ ಒಂದು ಪಾಲಿದೆ. ಮೀನುಗಾರಿಕೆಗೆ ಹೆಸರಾದ ಮಲ್ಪೆಯಲ್ಲಿ ಟೆಬ್ಮಾ ಎಂಬ ಖಾಸಗಿ ಹಡಗುಕಟ್ಟೆಯಿತ್ತು. ದಿವಾಳಿ ಪ್ರಕ್ರಿಯೆಗೆ ಒಳಗಾದ ಅದನ್ನು ಕೊಚ್ಚಿನ್ ಶಿಪ್‌ಯಾರ್ಡ್ 2020ರಲ್ಲಿ ವಹಿಸಿಕೊಂಡಿತು. 2022ರಲ್ಲಿ ಅದಕ್ಕೆ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರು ಬಂದಿತು. ದೊಡ್ಡ ಹಡಗುಗಳನ್ನು ಬಂದರಿನೊಳಗೆ ಎಳೆದು ತರುವ ಟಗ್‌ಗಳು ಅಲ್ಲಿ ನಿರ್ಮಾಣವಾಗಿವೆ. ನಾರ್ವೆಯ ವಿಲ್ಸನ್ ಸಂಸ್ಥೆ 2023ರಲ್ಲಿ ತಲಾ 3,800 ಟನ್ ಸರಕು ಹೊರುವ ಆರು ಹಡಗುಗಳಿಗೆ, ಮರುವರ್ಷ 6,300 ಟನ್‌ನ ಇನ್ನೂ ಕೆಲವು ಹಡಗುಗಳಿಗೆ ಅಲ್ಲಿಗೆ ಬೇಡಿಕೆ ಸಲ್ಲಿಸಿತು. ಈ ಹಡಗುಗಳು ಎಂಎಸ್‌ಸಿ ಇರಿನಾದ ಮುಂದೆ ಪುಟ್ಟ ದೋಣಿಗಳೇ ಸರಿ. ಆದರೆ ಯುರೋಪಿನ ಕರಾವಳಿಯಲ್ಲಿ ದುಡಿಯುವ ಇಂಥ ನೂರಾರು ಹಡಗುಗಳು ಮುದಿಯಾಗಿವೆ. ಕೊರಿಯದ ದೈತ್ಯ ಕಟ್ಟೆಗಳಿಗೆ ಈ ಗಾತ್ರದಲ್ಲಿ ಆಸಕ್ತಿಯಿಲ್ಲ. ಸಣ್ಣ ಕಟ್ಟೆಗೆ ಇದಕ್ಕಿಂತ ಒಳ್ಳೆಯ ಆರಂಭ ಸಿಗುವುದು ಕಷ್ಟ.

ಒಂದೇ ಮಾದರಿಯ ಹಡಗುಗಳು ಸಾಲಾಗಿ ಬರುವುದರಿಂದ ಆಗುವ ಲಾಭ ಹಣದ್ದಷ್ಟೇ ಅಲ್ಲ. ಹಡಗಿನ ಬೆಸುಗೆಗಾರ ಯಾವ ಭಂಗಿಯಲ್ಲಿ, ಯಾವ ದಪ್ಪದ ತಗಡಿಗೆ, ಯಾವ ವಿಧಾನದಿಂದ ಬೆಸುಗೆ ಹಾಕಬಲ್ಲನೆಂಬುದನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡಲಾಗುತ್ತದೆ. ಆತ ಆ ಕೆಲಸವನ್ನು ಬಿಡದೆ ಮಾಡುತ್ತಿದ್ದಾನೆಂದು ಆರು ತಿಂಗಳಿಗೊಮ್ಮೆ ಅದರ ಮೇಲೆ ದೃಢೀಕರಣ ಬೀಳಬೇಕು. ಕೆಲಸವಿಲ್ಲದೆ ಅಷ್ಟು ಕಾಲ ಕಳೆದರೆ ಪತ್ರ ಅಸಿಂಧುವಾಗುತ್ತದೆ, ಪರೀಕ್ಷೆಗೆ ಮತ್ತೆ ಕೂರಬೇಕಾಗುತ್ತದೆ. ಬೇಡಿಕೆಯಿಲ್ಲದೆ ಒಂದು ವರ್ಷ ಸುಮ್ಮನಿದ್ದ ಹಡಗುಕಟ್ಟೆಯಲ್ಲಿ ಕ್ರೇನು, ಡ್ರೈಡಾಕು, ಶೆಡ್ಡುಗಳು ಇದ್ದಲ್ಲಿಯೇ ಇರುತ್ತವೆ. ಬೆಸುಗೆಗಾರರು ಮಾತ್ರ ಕೊಲ್ಲಿ ದೇಶಗಳಿಗೋ, ಬೇರೆ ಕಾರ್ಖಾನೆಗಳಿಗೋ ಹೋಗಿಬಿಟ್ಟಿರುತ್ತಾರೆ.